ಅಂಗೈಯಲ್ಲಿ ಕನ್ನಡ: ಸಿಂಪ್ಯೂಟರಿನ ಕಥೆ ಮತ್ತು ನಮ್ಮ ಮಕ್ಕಳು

(ತಾಳವಾಡಿ ಬೆಟ್ಟ ಪ್ರದೇಶದ ಕನ್ನಡ ಮಾಧ್ಯಮ ಶಾಲೆಯ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಪೋಷಕರ ಸಭೆ ಎಂದರೆ ಅಂಕಪಟ್ಟಿ, ಹಾಜರಿ, ಸಮವಸ್ತ್ರ ಇವುಗಳ ಮಾತು ಬರುವುದು ವಾಡಿಕೆ. ಅದನ್ನೆಲ್ಲ ಮುಖ್ಯೋಪಾಧ್ಯಾಯರು ಆಗಲೇ ಹೇಳಿದ್ದಾರೆ. ನನ್ನ ಪಾಲಿಗೆ ಬಂದಿರುವ ಸಮಯದಲ್ಲಿ ನಾನು ಒಂದು ಯಂತ್ರದ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದು ನಮ್ಮಿಂದ ದೂರದ ಕಥೆಯೇನೂ ಅಲ್ಲ. ದಿಂಬಂ ಘಾಟಿ ಇಳಿದು ಈರೋಡಿಗೆ ಹೋಗುವಷ್ಟೇ ಸಲೀಸಾಗಿ ನಾವು ಚಾಮರಾಜನಗರ ದಾಟಿ ಬೆಂಗಳೂರಿಗೂ ಹೋಗುವವರು. ಆ ಬೆಂಗಳೂರಿನಲ್ಲೇ ಹುಟ್ಟಿದ ಯಂತ್ರ ಅದು. ಹೆಸರು ಸಿಂಪ್ಯೂಟರ್.

ಈ ಕಥೆ ಏಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಶಾಲೆಗೆ ಸೇರಿಸುವ ತಿಂಗಳು ಬಂದಾಗ ನಿಮ್ಮಲ್ಲಿ ಹಲವರು ನನ್ನನ್ನು ಕೇಳುವ ಒಂದು ಪ್ರಶ್ನೆ ಇದೆ: "ಮೇಷ್ಟ್ರೆ, ಇದು ಕಂಪ್ಯೂಟರ್ ಕಾಲ. ಕನ್ನಡದಲ್ಲಿ ಓದಿದ ಮಗು ಕಂಪ್ಯೂಟರ್ ಮುಂದೆ ಕೂತು ಏನು ಮಾಡೀತು?" ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿನ ಮುಂದಿನ ಅನ್ನದ ಚಿಂತೆ ಅದರಲ್ಲಿದೆ. ಕನ್ನಡದ ಅಭಿಮಾನ ತೋರಿಸಿ ನಿಮ್ಮ ಬಾಯಿ ಮುಚ್ಚಿಸಿದರೆ ಅದು ಉತ್ತರವಾಗುವುದಿಲ್ಲ. ನಡೆದ ಸಂಗತಿಗಳನ್ನು ಮುಂದಿಡುತ್ತೇನೆ, ತೂಗಿ ನೋಡುವವರು ನೀವು.

ಜೇಬಿನ ಗಣಕ ಬಂದ ಬಗೆ

ಮೊದಮೊದಲ ಗಣಕಯಂತ್ರಗಳು ಒಂದು ಕೋಣೆಯನ್ನೇ ತುಂಬುತ್ತಿದ್ದವು. ಆಮೇಲೆ ಮೇಜಿನ ಮೇಲೆ ಕೂರುವಷ್ಟಾದವು. ಅದನ್ನು ಇನ್ನೂ ಕುಗ್ಗಿಸಿ ಅಂಗಿಯ ಜೇಬಿಗೆ ಇಳಿಸುವ ಪ್ರಯತ್ನ 1980ರ ದಶಕದಲ್ಲಿ ಶುರುವಾಯಿತು. ಇಂಗ್ಲೆಂಡಿನ ಸಿಯಾನ್ ಎಂಬ ಸಂಸ್ಥೆ 1984ರಲ್ಲಿ ಆರ್ಗನೈಸರ್ ಎಂಬ ಪುಟ್ಟ ಯಂತ್ರವನ್ನು ತಂದಿತು. ವಿಳಾಸ, ಲೆಕ್ಕ, ಟಿಪ್ಪಣಿ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಡೈರಿ ಎನ್ನಬಹುದು. 1992ರಲ್ಲಿ ಅಮೆರಿಕದ ಆಪಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ಸ್ಕಲ್ಲಿ ಇಂಥ ಯಂತ್ರಗಳಿಗೆ ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್ ಎಂಬ ಹೆಸರನ್ನು ಬಳಕೆಗೆ ತಂದರು. ಚಿಕ್ಕದಾಗಿ ಪಿ.ಡಿ.ಎ. ಎಂದು ಕರೆದರು. ಜೊತೆಯಲ್ಲೇ ಇರುವ ಸಹಾಯಕ ಎಂದು ಅರ್ಥ ಮಾಡಿಕೊಳ್ಳಿ.

1993ರಲ್ಲಿ ಆಪಲ್ ಸಂಸ್ಥೆಯ ನ್ಯೂಟನ್ ಮಾರುಕಟ್ಟೆಗೆ ಬಂತು. ಪರದೆಯ ಮೇಲೆ ಕಡ್ಡಿಯಿಂದ ನಿಮ್ಮ ಕೈಬರಹದಲ್ಲೇ ಬರೆದರೆ ಯಂತ್ರ ಓದಿಕೊಳ್ಳುತ್ತದೆ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಆದರೆ ಬರೆದದ್ದು ಒಂದಾದರೆ ಅದು ಓದಿಕೊಂಡದ್ದು ಇನ್ನೊಂದು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಅದು ನಗೆಪಾಟಲಾಯಿತು. ಬೆಲೆಯೂ ಹೆಚ್ಚು. 1998ರಲ್ಲಿ ಆಪಲ್ ಅದನ್ನು ಕೈಬಿಟ್ಟಿತು.

ಅಷ್ಟರಲ್ಲಿ 1996ರಲ್ಲಿ ಪಾಮ್ ಪೈಲಟ್ ಎಂಬ ಇನ್ನೊಂದು ಯಂತ್ರ ಬಂದಿತ್ತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಜೇಬಿಗೆ ಹಿಡಿಸುವ ಒಂದು ಮರದ ತುಂಡನ್ನು ಕತ್ತರಿಸಿಕೊಂಡು, ಅದನ್ನೇ ಯಂತ್ರವೆಂದು ಭಾವಿಸಿ ಎಲ್ಲೆಡೆ ಒಯ್ದು ಅಭ್ಯಾಸ ಮಾಡಿ ನೋಡಿದರಂತೆ. ಕೈಬರಹದ ತೊಡಕಿಗೆ ಅವರು ಕಂಡುಕೊಂಡ ದಾರಿ ಬೇರೆ. ಯಂತ್ರಕ್ಕೆ ಮನುಷ್ಯನ ಅಕ್ಷರ ಕಲಿಸುವ ಕಷ್ಟ ಬಿಟ್ಟು, ಯಂತ್ರಕ್ಕೆ ಸುಲಭವಾದ ಅಕ್ಷರವನ್ನು ಮನುಷ್ಯನೇ ಕಲಿಯಲಿ ಎಂದರು. ಗ್ರಾಫಿಟಿ ಎಂಬ ಆ ಲಿಪಿಯಲ್ಲಿ ಇಂಗ್ಲಿಷಿನ ಎ ಅಕ್ಷರಕ್ಕೆ ನಡುವಿನ ಅಡ್ಡಗೆರೆ ಇಲ್ಲ, ಒಂದೇ ಎಳೆತದಲ್ಲಿ ಬರೆದು ಮುಗಿಸಬೇಕು. ಜನ ಕಲಿತರು. ಯಂತ್ರ ಲಕ್ಷಗಟ್ಟಲೆ ಮಾರಾಟವಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಇಂಗ್ಲಿಷಿಗೆ ಇರುವುದು 26 ಅಕ್ಷರ. ಅದನ್ನೇ ಯಂತ್ರಕ್ಕೆ ಒಗ್ಗಿಸುವುದಕ್ಕೆ ದೊಡ್ಡ ದೊಡ್ಡ ಸಂಸ್ಥೆಗಳು ಇಷ್ಟು ಹೆಣಗಿದವು. ಇಂಗ್ಲಿಷ್ ಯಂತ್ರದೊಳಗೆ ತಾನಾಗಿಯೇ ಹುಟ್ಟಿಬಂದ ಭಾಷೆಯೇನೂ ಅಲ್ಲ. ಹಣ ಹಾಕಿ, ಬುದ್ಧಿ ಖರ್ಚು ಮಾಡಿ, ಸೋತು, ಮತ್ತೆ ಕಟ್ಟಿ, ಅದನ್ನು ಅಲ್ಲಿ ಕೂರಿಸಿದ್ದಾರೆ. ಈ ಮಾತು ನೆನಪಿರಲಿ. ಕನ್ನಡದ ಕಥೆಗೆ ಇದೇ ಅಡಿಪಾಯ.

ಬೆಂಗಳೂರಿನಲ್ಲಿ ಹುಟ್ಟಿದ ಯೋಚನೆ

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ನೆರವಾಗಬಹುದು ಎಂಬುದು ಅಲ್ಲಿನ ಚರ್ಚೆ. ಅದರಿಂದ ಮೊಳೆತ ಯೋಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯ, ನಾಲ್ವರು ಪ್ರಾಧ್ಯಾಪಕರು ಕೈಗೆತ್ತಿಕೊಂಡರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್. ಅವರೊಂದಿಗೆ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ತಂಡ ಕೂಡಿಕೊಂಡಿತು. ಎಲ್ಲರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ, ಲಾಭದ ಉದ್ದೇಶವಿಲ್ಲದ ಒಂದು ಟ್ರಸ್ಟನ್ನು ಕಟ್ಟಿದರು.

ಸಿಂಪ್ಯೂಟರ್ ಎಂಬುದು ಕೆಲವು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಸರಳವಾದದ್ದು, ಅಗ್ಗವಾದದ್ದು, ಹಲವು ಭಾಷೆ ಬಲ್ಲದ್ದು, ಜನರ ಕಂಪ್ಯೂಟರ್ ಎಂದು ಅದರ ಅರ್ಥ. ಹಲವು ಭಾಷೆ ಎಂಬ ಮಾತು ಹೆಸರಿನಲ್ಲೇ ಕೂತಿದೆ, ಗಮನಿಸಿ. ಬೇರೆಯವರು ಯಂತ್ರವನ್ನು ಇಂಗ್ಲಿಷಿನಲ್ಲಿ ಮಾಡಿ ಮುಗಿಸಿ, ಮಾರಾಟ ಹೆಚ್ಚಿದ ಮೇಲೆ ಉಳಿದ ಭಾಷೆಗಳ ಯೋಚನೆ ಮಾಡುತ್ತಿದ್ದರು. ಇಲ್ಲಿ ಕನ್ನಡ, ಹಿಂದಿ, ತಮಿಳಿನಂಥ ಭಾಷೆಗಳನ್ನು ಆಡುವವರನ್ನು, ಅವರಲ್ಲೂ ಓದುಬರಹ ಬಾರದವರನ್ನು, ಮೊದಲ ಸಾಲಿನಲ್ಲಿ ಕೂರಿಸಿಕೊಂಡು ಯಂತ್ರದ ನಕ್ಷೆ ಬರೆದರು.

2001ರ ಏಪ್ರಿಲ್ 25ರಂದು ಮೊದಲ ಮಾದರಿಯನ್ನು ಜನರಿಗೆ ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಮುಂಭಾಗದಲ್ಲಿ ಒಂದು ಪರದೆ. ಗುಂಡಿಗಳ ಕೀಲಿಮಣೆ ಇಲ್ಲ, ಪರದೆಯ ಮೇಲಿನ ಚಿತ್ರಗಳನ್ನು ಕಡ್ಡಿಯಿಂದ ಮುಟ್ಟಿದರಾಯಿತು. ಕರೆಂಟು ಇಲ್ಲದ ಊರಿನಲ್ಲೂ ನಡೆಯಲೆಂದು ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿ ಸೆಲ್ಲುಗಳಿಂದ ಓಡುವ ಏರ್ಪಾಡು. ಒಳಗೆ ನಡೆಯುವ ತಂತ್ರಾಂಶ ಲಿನಕ್ಸ್. ಅದು ಯಾರ ಸ್ವತ್ತೂ ಆಗಿರದೆ ಎಲ್ಲರೂ ಬಳಸಬಹುದಾದ, ತಿದ್ದಬಹುದಾದ ತಂತ್ರಾಂಶ. ಯಂತ್ರದ ವಿನ್ಯಾಸವನ್ನೂ ಟ್ರಸ್ಟು ಬಚ್ಚಿಡಲಿಲ್ಲ. ನಿಗದಿಯಾದ ಶುಲ್ಕ ಕಟ್ಟಿ, ನಿಯಮಗಳಿಗೆ ಒಪ್ಪಿ ಯಾರು ಬೇಕಾದರೂ ತಯಾರಿಸಬಹುದಿತ್ತು. ಬೆಲೆ ಸುಮಾರು 9,000 ರೂಪಾಯಿಯೊಳಗೆ ಇರಬೇಕೆಂಬುದು ಗುರಿ.

9,000 ರೂಪಾಯಿ ಅಂದಿನ ರೈತನಿಗೆ ಹಗುರವಾದ ಹಣವಲ್ಲ. ಅದಕ್ಕೆ ಅವರು ಒಂದು ಉಪಾಯ ಹೂಡಿದ್ದರು. ಯಂತ್ರ ಒಬ್ಬರದಾಗಬೇಕಿಲ್ಲ, ಊರಿಗೆ ಒಂದು ಸಾಕು. ಪಂಚಾಯಿತಿಯೋ ಶಾಲೆಯೋ ಅಂಗಡಿಯವರೋ ಅದನ್ನು ಇಟ್ಟುಕೊಳ್ಳಲಿ. ಪ್ರತಿಯೊಬ್ಬರ ಬಳಿಯೂ ಒಂದು ಸ್ಮಾರ್ಟ್ ಕಾರ್ಡ್ ಇರಲಿ. ತಮ್ಮ ಸರದಿ ಬಂದಾಗ ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ ಅವರವರ ಲೆಕ್ಕ, ಅವರವರ ಪತ್ರ ಪರದೆಗೆ ಬರುತ್ತದೆ. ಕಾರ್ಡು ತೆಗೆದರೆ ಮುಂದಿನವರ ಪಾಳಿ. ಊರಿಗೊಂದು ಹಿಟ್ಟಿನ ಗಿರಣಿ ಇದ್ದಂತೆ. ಗಿರಣಿ ಒಂದೇ, ರಾಗಿ ಅವರವರದು.

ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕರು, 2001ರಲ್ಲಿ ಕಂಪ್ಯೂಟರ್ ಕ್ಷೇತ್ರದಲ್ಲಿ ಆದ ಅತಿ ಮುಖ್ಯವಾದ ಹೊಸತು ಇದೇ ಎಂದು ಬರೆದರು.

ಕಾಗುಣಿತ ಕಲಿತ ಯಂತ್ರ

ಸಿಂಪ್ಯೂಟರಿನಲ್ಲಿ ನನಗೆ, ಒಬ್ಬ ಮೇಷ್ಟ್ರಾಗಿ, ಅತ್ಯಂತ ಪ್ರಿಯವಾದ ಭಾಗ ಅದರ ದನಿ. ಓದಲು ಬಾರದವರಿಗೆ ಬರಹವನ್ನು ಯಂತ್ರವೇ ಓದಿ ಹೇಳಬೇಕೆಂದು ತಂಡ ಬಯಸಿತು. ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ 2000ದ ಸುಮಾರಿಗೆ ಧ್ವನಿ ಎಂಬ ತಂತ್ರಾಂಶ ಸಿದ್ಧವಾಯಿತು. ಅದು ಮೊದಲು ಕಲಿತ ಭಾಷೆಗಳಲ್ಲಿ ಕನ್ನಡವೂ ಒಂದು.

ಅದು ಹೇಗೆ ನಡೆಯುತ್ತದೆ ಎಂದು ತಿಳಿದರೆ ನಿಮಗೆ ಸಂತೋಷವಾದೀತು. ನಾವು ಒಂದನೇ ತರಗತಿಯಲ್ಲಿ ಏನು ಕಲಿಸುತ್ತೇವೆ? 13 ಸ್ವರ, 34 ವ್ಯಂಜನ, ಎರಡು ಯೋಗವಾಹ, ಒಟ್ಟು 49 ಅಕ್ಷರ. ಆಮೇಲೆ ಕಾಗುಣಿತ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳು. ಮಕ್ಕಳು ರಾಗವಾಗಿ ಹೇಳುವುದನ್ನು ಶಾಲೆಯ ಮುಂದೆ ಹೋಗುವಾಗ ನೀವು ಕೇಳಿದ್ದೀರಿ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಪಿ-ಯು-ಟಿ ಎಂದರೆ ಪುಟ್, ಬಿ-ಯು-ಟಿ ಎಂದರೆ ಬಟ್. ಏಕೆ ಎಂದು ಮಗು ಕೇಳಿದರೆ ಮೇಷ್ಟ್ರ ಬಳಿಯೂ ಉತ್ತರ ಇಲ್ಲ, ಬಾಯಿಪಾಠ ಮಾಡು ಎನ್ನಬೇಕು. ಯಂತ್ರಕ್ಕೂ ಅದೇ ಪಾಡು. ಇಂಗ್ಲಿಷ್ ಓದುವ ಯಂತ್ರಕ್ಕೆ ಸಾವಿರಾರು ಪದಗಳ ಉಚ್ಚಾರಣೆಯನ್ನು ಬೇರೆ ಬೇರೆಯಾಗಿ ತುಂಬಿಡಬೇಕು.

ಕನ್ನಡಕ್ಕೆ ಆ ಹೊರೆ ಕಡಿಮೆ. ಒಬ್ಬರ ದನಿಯಲ್ಲಿ ಉಚ್ಚಾರಣೆಯ ಸಣ್ಣ ಸಣ್ಣ ತುಣುಕುಗಳನ್ನು ಧ್ವನಿಮುದ್ರಣ ಮಾಡಿಟ್ಟುಕೊಳ್ಳುತ್ತಾರೆ. ಮಳೆ ಎಂಬ ಪದ ಬಂದರೆ ಯಂತ್ರ ಅದನ್ನು ಮ, ಳೆ ಎಂದು ಒಡೆಯುತ್ತದೆ. ಒಂದು ಅಕ್ಷರದಿಂದ ಮುಂದಿನ ಅಕ್ಷರಕ್ಕೆ ನಾಲಿಗೆ ಹೊರಳುವಾಗಿನ ದನಿಯ ತುಣುಕೂ ಅದರ ಬಳಿ ಇರುತ್ತದೆ. ಎಲ್ಲವನ್ನೂ ಸಾಲಾಗಿ ಜೋಡಿಸಿ ನುಡಿಸುತ್ತದೆ. ಹಿಂದೆಂದೂ ಕಾಣದ ಪದವನ್ನೂ ಹೀಗೆ ಓದಬಲ್ಲದು. ಒಂದನೇ ತರಗತಿ ಮುಗಿಸಿದ ಮಗು ಹೊಸ ಪದವನ್ನು ಅಕ್ಷರ ಕೂಡಿಸಿಕೊಂಡು ಓದುವುದು ಇದೇ ಕ್ರಮದಲ್ಲಿ. ದನಿ ಸ್ವಲ್ಪ ಕಬ್ಬಿಣದಂತೆ ಒರಟಾಗಿತ್ತು, ನಿಜ. ಆದರೆ ಅರ್ಥವಾಗುತ್ತಿತ್ತು.

ನಮ್ಮ ಹಿರಿಯರು ಅಕ್ಷರಗಳನ್ನು ಗಂಟಲಿನಿಂದ ತುಟಿಯವರೆಗೆ, ದನಿ ಹುಟ್ಟುವ ಸ್ಥಾನದ ಪ್ರಕಾರ ಕ ವರ್ಗ, ಚ ವರ್ಗ ಎಂದು ಸಾಲು ಮಾಡಿಟ್ಟರಲ್ಲ, ಆ ಶಿಸ್ತು ಯಂತ್ರದ ಕಾಲದಲ್ಲೂ ಕೆಲಸಕ್ಕೆ ಬಂತು. ಕನ್ನಡ ಹಳೆಯ ಕಾಲದ ಭಾಷೆ, ಯಂತ್ರಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಯಂತ್ರ ಏಕೆ ಸೋತಿತು

ಇಲ್ಲಿಯವರೆಗೆ ಹೇಳಿದ್ದು ಗೆಲುವಿನ ಭಾಗ. ಉಳಿದ ಅರ್ಧವನ್ನು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದಂತೆ.

2001ರಲ್ಲಿ ತೋರಿಸಿದ ಯಂತ್ರ ಸಾಮಾನ್ಯ ಗಿರಾಕಿಯ ಕೈಗೆ ಬರಲು ಮೂರು ವರ್ಷ ಹಿಡಿಯಿತು. ಪ್ರಾಧ್ಯಾಪಕರು ಪಿಕೋಪೀಟ ಎಂಬ ಸಂಸ್ಥೆಯನ್ನು ಕಟ್ಟಿಕೊಂಡಿದ್ದರು. ತಯಾರಿಕೆಯ ಹೊಣೆಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿ.ಇ.ಎಲ್., ಹೊತ್ತಿತು. ಚುನಾವಣೆಯಲ್ಲಿ ನಾವು ಒತ್ತುವ ಮತಯಂತ್ರವನ್ನು ಮಾಡುವ ಸರ್ಕಾರಿ ಸಂಸ್ಥೆಗಳಲ್ಲಿ ಒಂದು ಅದೇ. ಇವರಿಬ್ಬರೂ ಸೇರಿ 2004ರ ಏಪ್ರಿಲ್ 26ರಂದು ಅಮಿಡ ಸಿಂಪ್ಯೂಟರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು. ಯಂತ್ರವನ್ನು ಕೈಯಲ್ಲಿ ವಾಲಿಸಿದರೆ ಪುಟ ಮಗುಚುವ ಸೌಕರ್ಯ ಅದರಲ್ಲಿತ್ತು. ಆಪಲ್ ಸಂಸ್ಥೆಯ ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆಯಿರಿ. ಪರದೆಯ ಮೇಲೆ ಕೈಬರಹದಲ್ಲಿ ಯಾವ ಭಾಷೆಯಲ್ಲಾದರೂ ಗೀಚಿ, ಅದನ್ನೇ ಚಿತ್ರವಾಗಿ ಮಿಂಚಂಚೆಯಲ್ಲಿ ಕಳುಹಿಸಬಹುದಿತ್ತು.

ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸದಲ್ಲಿ ಸಿಂಪ್ಯೂಟರನ್ನು ಬಳಸಿ ನೋಡಿತು. ಛತ್ತೀಸಗಢದ ಶಾಲೆಗಳಲ್ಲಿ ಮಕ್ಕಳ ಕೈಗೆ ಕೊಟ್ಟು ಪ್ರಯೋಗ ಮಾಡಿದರು. ಆದರೆ ತಯಾರಕರು 50,000 ಯಂತ್ರಗಳು ಮಾರಾಟವಾಗಬಹುದೆಂದು ಆಸೆ ಇಟ್ಟುಕೊಂಡಿದ್ದರೆ, ಮೊದಲ ಒಂದು ವರ್ಷದಲ್ಲಿ ಹೋದದ್ದು ಸುಮಾರು 4,000 ಮಾತ್ರ. ಕೆಲವೇ ವರ್ಷಗಳಲ್ಲಿ ಯಂತ್ರ ಕಣ್ಮರೆಯಾಯಿತು.

ಕಾರಣಗಳು ಹಲವು. ಬೆಲೆ 10,000 ರೂಪಾಯಿಯ ಆಸುಪಾಸಿನಿಂದ ಶುರುವಾಗಿ ಮೇಲಕ್ಕೆ ಹೋಯಿತು. ಸಾವಿರಗಟ್ಟಲೆ ಒಟ್ಟಿಗೆ ಮಾಡಿದರೆ ಬೆಲೆ ಇಳಿಯುತ್ತದೆ, ಆದರೆ ಅಷ್ಟು ಬೇಡಿಕೆ ಬರಲಿಲ್ಲ. ಬೇಡಿಕೆ ಬರಬೇಕಾದರೆ ಬೆಲೆ ಇಳಿಯಬೇಕು. ಹೀಗೆ ಬೀಜ ಮೊದಲೋ ಮರ ಮೊದಲೋ ಎಂಬಂತಾಯಿತು. ಅಷ್ಟರಲ್ಲಿ ಮೊಬೈಲ್ ಫೋನು ಬಂತು. 2003ರ ಮೇ 1ರಿಂದ ದೇಶದಲ್ಲಿ ಒಳಬರುವ ಕರೆಗೆ ಹಣ ಕೊಡುವುದು ನಿಂತಿತು. ಅದೇ ವರ್ಷ ನೋಕಿಯ 1100 ಎಂಬ ಟಾರ್ಚ್ ಇರುವ ಫೋನು ಬಿಡುಗಡೆಯಾಯಿತು. ರಾತ್ರಿ ಹೊಲಕ್ಕೆ ನೀರು ತಿರುಗಿಸಲು ಹೋಗುವಾಗ, ಆನೆ ಕಾವಲಿಗೆ ಹೋಗುವಾಗ ಆ ಟಾರ್ಚನ್ನು ಬಳಸಿದವರು ಈ ಸಭೆಯಲ್ಲೂ ಇರಬಹುದು. ಅದಕ್ಕೆ ಕನ್ನಡ ಓದಿ ಹೇಳಲು ಬರುತ್ತಿರಲಿಲ್ಲ, ಆದರೆ ಅತ್ತ ಕಡೆ ಕನ್ನಡ ಮಾತಾಡುವ ಮನುಷ್ಯ ಇರುತ್ತಿದ್ದ. ಬಡವರಿಗೆ ಮಾತು ಮೊದಲು ಬೇಕಿತ್ತು. ಫೋನು ಅದನ್ನು ಕೊಟ್ಟಿತು.

ಇನ್ನೊಂದು ಕಾರಣವನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅದು ನಮಗೆ ಸಂಬಂಧಿಸಿದ್ದು. ಓದಿ ಹೇಳುವ ಯಂತ್ರ ಸಿದ್ಧವಾಗಿತ್ತು, ಓದಬೇಕಾದ ಬರಹ ಸಿದ್ಧವಾಗಿರಲಿಲ್ಲ. ಮಾರುಕಟ್ಟೆಯ ಧಾರಣೆ, ಬೆಳೆಯ ರೋಗಕ್ಕೆ ಮದ್ದು, ಸರ್ಕಾರಿ ಯೋಜನೆಯ ವಿವರ, ಮಕ್ಕಳ ಪಾಠ ಇವನ್ನೆಲ್ಲ ಯಾರಾದರೂ ಕನ್ನಡದಲ್ಲಿ ಬರೆದು ಗಣಕಕ್ಕೆ ಏರಿಸಿದ್ದರೆ ತಾನೆ ಅದು ಓದುವುದು? ಅಂದಿನ ದಿನಗಳಲ್ಲಿ ಅಂತರ್ಜಾಲದಲ್ಲಿ ಕನ್ನಡ ಬರಹ ಬಹಳ ಕಡಿಮೆ. ಕನ್ನಡದ ವಿಕಿಪೀಡಿಯ ಶುರುವಾದದ್ದೇ 2003ರಲ್ಲಿ. ಗಿರಣಿ ಇಟ್ಟರೂ ಕಾಳು ಇಲ್ಲದಿದ್ದರೆ ಹಿಟ್ಟು ಬರುವುದು ಹೇಗೆ?

ಉಳಿದದ್ದು ಏನು

ಯಂತ್ರ ಹೋಯಿತು, ದನಿ ಉಳಿಯಿತು. ಧ್ವನಿ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರಿಂದ ಬೇರೆಯವರು ಅದನ್ನು ಮುಂದುವರಿಸಿದರು. ಕೇರಳದ ಸಂತೋಷ್ ತೋಟಿಂಗಲ್ ಎಂಬ ತಂತ್ರಜ್ಞರು ಅದನ್ನು ಕೈಗೆತ್ತಿಕೊಂಡು ಮಲಯಾಳಂ ಮೊದಲಾಗಿ ಇತರ ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ನೀರೆರೆದು ಬೆಳೆಸಿದರು.

ಇದೇ ಕಾಲದಲ್ಲಿ ಕನ್ನಡದ ಅಕ್ಷರವನ್ನು ಗಣಕಕ್ಕೆ ಕಲಿಸುವ ಕೆಲಸವನ್ನು ಬೇರೆ ಹಲವರೂ ಮಾಡುತ್ತಿದ್ದರು. ಕೆ.ಪಿ. ರಾವ್ ಅವರು ಕನ್ನಡದ ಎಲ್ಲ ಅಕ್ಷರಗಳನ್ನೂ ಸಾಮಾನ್ಯ ಕೀಲಿಮಣೆಯ 26 ಗುಂಡಿಗಳಲ್ಲೇ ಮೂಡಿಸುವ ವಿನ್ಯಾಸವನ್ನು ಕೊಟ್ಟರು. ಕ ಒತ್ತಿ ಇ ಒತ್ತಿದರೆ ಯಂತ್ರವೇ ಕಿ ಎಂದು ಕೂಡಿಸುತ್ತದೆ, ಅಂದರೆ ಅಲ್ಲೂ ಕಾಗುಣಿತವೇ. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು.

ಇವೆಲ್ಲಕ್ಕೂ ತಳಹದಿಯಾಗಿ ಯೂನಿಕೋಡ್ ಎಂಬ ಏರ್ಪಾಡು ಇದೆ. ಮೊದಲು ಒಂದು ಗಣಕದಲ್ಲಿ ಕನ್ನಡದಲ್ಲಿ ಅಚ್ಚು ಮಾಡಿದ ಪ್ರಶ್ನೆಪತ್ರಿಕೆಯನ್ನು ಇನ್ನೊಂದು ಗಣಕದಲ್ಲಿ ತೆರೆದರೆ ಗೊಜಲು ಗೊಜಲಾದ ಗುರುತುಗಳು ಕಾಣುತ್ತಿದ್ದವು. ಅಕ್ಷರಗಳಿಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಟ್ಟುಕೊಂಡದ್ದೇ ಅದಕ್ಕೆ ಕಾರಣ. ಯೂನಿಕೋಡಿನಲ್ಲಿ ಲೋಕದ ಭಾಷೆಗಳ ಪ್ರತಿ ಅಕ್ಷರಕ್ಕೂ ಒಂದೇ ಕಾಯಂ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ನಮ್ಮ ಕ ಅಕ್ಷರದ ಸಂಖ್ಯೆ 3221. ಮೈಸೂರಿನ ಗಣಕದಲ್ಲೂ ತಾಳವಾಡಿಯ ಫೋನಿನಲ್ಲೂ ಅಮೆರಿಕದಲ್ಲಿರುವ ಕನ್ನಡಿಗನ ಮನೆಯಲ್ಲೂ ಅದು 3221.

ಇದರ ಮಹತ್ವ ಗಡಿಯಲ್ಲಿರುವ ನಮಗೆ ಹೆಚ್ಚು. 1956ರ ನವೆಂಬರ್ 1ರಂದು ರಾಜ್ಯಗಳು ಮರುಹಂಚಿಕೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅಂದಿನಿಂದ ಸರ್ಕಾರ ಕೊಡುವ ಕನ್ನಡ ಗಡಿಯ ಆಚೆ ನಿಲ್ಲುತ್ತಾ ಬಂದಿದೆ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲಿ ಗಣಕಕ್ಕೆ ಏರಿಸಿದರು. ಚಾಮರಾಜನಗರದ ಕಡೆ ಇರುವ ನಿಮ್ಮ ನೆಂಟರು ಅದನ್ನು ಕನ್ನಡದಲ್ಲಿ ಓದುತ್ತಾರೆ. ನಮ್ಮ ಪಟ್ಟಾ ಕನ್ನಡದಲ್ಲಿಲ್ಲ. ಆದರೆ 3221ಕ್ಕೆ ಚೆಕ್‌ಪೋಸ್ಟ್ ಇಲ್ಲ. ನಿಮ್ಮ ಕೈಯಲ್ಲಿರುವ ಫೋನಿನ ಕನ್ನಡ ಯಾವ ಸರ್ಕಾರದ ಅಪ್ಪಣೆಗೂ ಕಾಯುವುದಿಲ್ಲ. ಅಲ್ಪಸಂಖ್ಯಾತ ಭಾಷೆಯವರಿಗೆ ಇದು ಸಣ್ಣ ಬಲವಲ್ಲ.

ಸಿಂಪ್ಯೂಟರ್ ಮಾಡಬಯಸಿದ ಬಹುಪಾಲು ಕೆಲಸವನ್ನು ಇಂದು ಸಾಧಾರಣ ಸ್ಮಾರ್ಟ್ ಫೋನು ಮಾಡುತ್ತದೆ. 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆ ಕನ್ನಡದಲ್ಲಿ ಮಾತಾಡಿದರೆ ಬರಹವಾಗಿ ಮೂಡಿಸುವ ಸೌಕರ್ಯವನ್ನು ಸೇರಿಸಿತು. ಕನ್ನಡ ಬರಹವನ್ನು ಓದಿ ಹೇಳುವ ದನಿಗಳೂ ಫೋನಿನಲ್ಲಿ ಸಿಗುತ್ತವೆ. 2001ರಲ್ಲಿ ಕನಸಾಗಿದ್ದದ್ದು ಇಂದು ನಿಮ್ಮ ಜೇಬಿನಲ್ಲಿದೆ. ಅದನ್ನು ಮನೆಯಲ್ಲಿ ತೆರೆದು ನೋಡಿದವರು ಎಷ್ಟು ಮಂದಿ?

ನಿಮ್ಮ ಪ್ರಶ್ನೆಗೆ ನನ್ನ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಓದಿದ ಮಗು ಕಂಪ್ಯೂಟರ್ ಮುಂದೆ ಏನು ಮಾಡೀತು?

ಕಂಪ್ಯೂಟರಿಗೆ ಯಾವ ಭಾಷೆಯೂ ಹುಟ್ಟಿನಿಂದ ಬರುವುದಿಲ್ಲ, ಮನುಷ್ಯರು ಕಲಿಸಿದ್ದನ್ನು ಅದು ಕಲಿಯುತ್ತದೆ. ಕನ್ನಡವನ್ನು ಕಲಿಸಿದ್ದಾರೆ, ಅದು ಕಲಿತಿದೆ. ಇನ್ನು ಗಣಕದ ಕ್ರಮವಿಧಿ ಬರೆಯುವ ಭಾಷೆಗಳಲ್ಲಿ ಇಂಗ್ಲಿಷ್ ಪದಗಳಿವೆ, ಮೇಲಿನ ತರಗತಿಯ ವಿಜ್ಞಾನದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಇದು ಸತ್ಯ. ಆದ್ದರಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಬೇಕು, ಕಲಿಸಿ ಎಂದು ನಮ್ಮನ್ನು ಒತ್ತಾಯಿಸುವ ಹಕ್ಕು ನಿಮಗಿದೆ. ನಾವಿರುವ ರಾಜ್ಯದ ಭಾಷೆ ತಮಿಳು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಕೆಲಸಕ್ಕೆ ಅರ್ಜಿ ಹಾಕುವಲ್ಲಿ ಅದು ಬೇಕು. ಅದನ್ನೂ ಮಕ್ಕಳು ಕಲಿಯಲಿ. ಆದರೆ ಮೂರು ಭಾಷೆ ಕಲಿಯುವ ಮಗುವಿಗೆ ಕಾಲೂರಲು ಒಂದು ನೆಲ ಬೇಕು. ಮನೆಯಲ್ಲಿ ಕೇಳಿದ ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು, ತನ್ನ ಮಾತಿನಲ್ಲಿ ಬರೆಯಲು ಬಂದ ಮಗು ಎರಡನೆಯ, ಮೂರನೆಯ ಭಾಷೆಗೆ ಆ ಬಲದಿಂದಲೇ ದಾಟುತ್ತದೆ. ಆ ನೆಲವನ್ನು ಕಿತ್ತು, ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠಕ್ಕೆ ಕೂರಿಸಿದರೆ ಮಗು ನಾನು ದಡ್ಡ ಎಂದು ನಂಬಿಬಿಡುತ್ತದೆ. ಪೇಟೆಯ ಶಾಲೆಯಿಂದ ಹಿಂತಿರುಗಿ ಬಂದ ಮಕ್ಕಳಲ್ಲಿ ಈ ನಂಬಿಕೆಯನ್ನು ನಾನು ಕಂಡಿದ್ದೇನೆ. ಅದನ್ನು ಬಿಡಿಸುವುದು ಕಾಗುಣಿತ ಕಲಿಸುವುದಕ್ಕಿಂತ ಕಷ್ಟ.

ಇನ್ನು ಸಿಂಪ್ಯೂಟರ್ ಕಲಿಸುವ ಎರಡನೆಯ ಪಾಠ. ಯಂತ್ರವಿದ್ದರೂ ಬರಹವಿಲ್ಲದಿದ್ದರೆ ಪ್ರಯೋಜನವಿಲ್ಲ. ಇಂದು ನಮ್ಮ ಫೋನುಗಳಲ್ಲಿ ನಡೆಯುತ್ತಿರುವುದನ್ನು ನೋಡಿ. ಹಿರಿಯರು ಬರೆಯುವ ಗೋಜಿಗೆ ಹೋಗದೆ ಮಾತನ್ನೇ ಧ್ವನಿ ಸಂದೇಶವಾಗಿ ಕಳುಹಿಸುತ್ತಾರೆ. ಮಕ್ಕಳು ಊಟ ಆಯ್ತಾ ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. 442 ಗುಣಿತಾಕ್ಷರ ಕಲಿತ ಮಗು 26 ಅಕ್ಷರಗಳಲ್ಲಿ ಕನ್ನಡವನ್ನು ತುರುಕುತ್ತದೆ. ಅಲ್ಲಿ ಳಕಾರ ಲಕಾರದ ವ್ಯತ್ಯಾಸ ಹೋಯಿತು, ಹ್ರಸ್ವ ದೀರ್ಘ ಹೋಯಿತು. ಹಲ್ಲಿಗೂ ಹಳ್ಳಿಗೂ ಒಂದೇ ಬರಹ. ಶಾಲೆಯಲ್ಲಿ ಐದು ವರ್ಷ ಕಟ್ಟಿದ್ದು ಫೋನಿನಲ್ಲಿ ದಿನಕ್ಕಿಷ್ಟು ಕರಗುತ್ತದೆ.

ಹಾಗಾಗಿ ಪೋಷಕರಲ್ಲಿ ನನ್ನ ಕೋರಿಕೆ ಮೂರು. ಮೂರಕ್ಕೂ ಹಣ ಬೇಡ.

ಒಂದು, ನಿಮ್ಮ ಮನೆಯ ಫೋನಿನಲ್ಲಿ ಕನ್ನಡ ಕೀಲಿಮಣೆಯನ್ನು ಹಾಕಿಕೊಳ್ಳಿ. ಹೇಗೆಂದು ತಿಳಿಯದಿದ್ದರೆ ಸಭೆ ಮುಗಿದ ಮೇಲೆ ಫೋನು ಕೊಡಿ, ಏಳನೇ ತರಗತಿಯ ಮಕ್ಕಳು ಇಲ್ಲೇ ಇದ್ದಾರೆ, ಹಾಕಿಕೊಡುತ್ತಾರೆ.

ಎರಡು, ಶಾಲೆಗೆ, ನೆಂಟರಿಗೆ ಸಂದೇಶ ಕಳುಹಿಸುವಾಗ ಕನ್ನಡ ಅಕ್ಷರದಲ್ಲೇ ಕಳುಹಿಸಿ. ಬರೆಯಲು ಬಾರದ ತಾಯಂದಿರು ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ. ಅದು ನಮ್ಮ ಕಡೆಯ ಮಾತನ್ನು ಒಮ್ಮೊಮ್ಮೆ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಆಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿ. ಯಂತ್ರದ ತಪ್ಪನ್ನು ತಿದ್ದುವ ಮಗುವಿಗೆ ಕಾಗುಣಿತ ಎಂದೂ ಮರೆಯುವುದಿಲ್ಲ.

ಮೂರು, ವಾರಕ್ಕೊಮ್ಮೆ ಮಗುವಿನ ಕೈಯಿಂದ ಹತ್ತು ಸಾಲು ಬರೆಸಿ. ಆಲೂಗಡ್ಡೆಗೆ ಎಷ್ಟು ಧಾರಣೆ ಸಿಕ್ಕಿತು, ಕೋಸಿಗೆ ಯಾವ ಹುಳು ಬಿತ್ತು, ಅಜ್ಜಿ ಯಾವ ಕಷಾಯ ಮಾಡಿದರು, ಯಾವ ಹೊಲಕ್ಕೆ ಆನೆ ಬಂತು. ನಮ್ಮ ಬೆಟ್ಟದ ಕನ್ನಡದಲ್ಲೇ ಇರಲಿ. ಒಳ್ಳೆಯದನ್ನು ಶಾಲೆಯ ಪೋಷಕರ ಗುಂಪಿನಲ್ಲಿ ಎಲ್ಲರಿಗೂ ಓದಲು ಹಾಕೋಣ. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟವೆಂದು ಗೊತ್ತು. ಫೋನಿನಲ್ಲಿ ಬರೆದಿಟ್ಟರೆ ಸಾಕು, ಸಿಗ್ನಲ್ ಬಂದಾಗ ಹೋಗುತ್ತದೆ. ಸಿಂಪ್ಯೂಟರಿಗೆ ಅಂದು ಕೊರತೆಯಾದ ಕಾಳು ಇದೇ.

ಬೆಂಗಳೂರಿನ ಆ ಪ್ರಾಧ್ಯಾಪಕರು ಸೋತರೆಂದು ಕೆಲವರು ಬರೆದಿದ್ದಾರೆ. ವ್ಯಾಪಾರದಲ್ಲಿ ಸೋತರು, ಸರಿ. ಆದರೆ ಓದು ಬಾರದ ಕನ್ನಡದ ರೈತನೂ ಕಂಪ್ಯೂಟರಿನ ಯಜಮಾನನಾಗಬಹುದು ಎಂದು ತೋರಿಸಿಕೊಟ್ಟರು. ಓದು ಬರುವ ಕನ್ನಡದ ಮಗುವಿನ ಬಗ್ಗೆ ನಾವು ಹೆದರಬೇಕಾದ್ದಿಲ್ಲ. ಹೆದರಬೇಕಾದ್ದು ಆ ಮಗು ಕಲಿತ ಅಕ್ಷರವನ್ನು ನಾವೇ ಮೂಲೆಗೆ ಇಟ್ಟರೆ ಎಂಬುದಕ್ಕೆ.

ಹೊರಗೆ ಜಗಲಿಯಲ್ಲಿ ಮಕ್ಕಳು ಕಾದಿದ್ದಾರೆ. ಫೋನು ಅವರ ಕೈಗೆ ಕೊಟ್ಟು, ಕನ್ನಡ ಕೀಲಿಮಣೆ ಹಾಕಿಸಿಕೊಂಡೇ ಮನೆಗೆ ಹೋಗಿ.